ಹನ್ನೆರಡು ವರ್ಷದ ಮೇಲೆ ಮತ್ತೆ ಕೌದಿ: ಅವ್ವನ ಅರ್ಧ ಹೊಲಿಗೆ ಬಿಚ್ಚಲಾ, ಮುಂದುವರಿಸಲಾ?

ಹಳೇಟ್ರಂಕು
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿರುತ್ತೇನೆ, ತವರು ರೋಣ ತಾಲ್ಲೂಕಿನ ಒಂದು ಹಳ್ಳಿ. ಅವ್ವ ಕೌದಿ, ಅಂದರೆ ಹಳೆ ಬಟ್ಟೆಯ ಪದರ ಸೇರಿಸಿದ ಹೊದಿಕೆ, ಹೊಲಿಯುತ್ತಿದ್ದಳು. ಅವಳ ಎದುರು ಕೂತು ನಾನೂ ಕಲಿತೆ. ಮದುವೆಗೆ ಮುಂಚೆ ಎರಡು, ಆಮೇಲೆ ಒಂದು, ಒಟ್ಟು ಮೂರು ಕೌದಿ ನನ್ನ ಕೈಯಲ್ಲಿ ಆಗಿವೆ. ಆಮೇಲೆ ಮಗ ಹುಟ್ಟಿದ, ಕೆಲಸ ಸಿಕ್ಕಿತು, ಊರೂರು ವರ್ಗ ಆಯಿತು. ಸೂಜಿ ಹಿಡಿಯದೆ ಹನ್ನೆರಡು ವರ್ಷ ಕಳೆದುಹೋಯಿತು.

ಅವ್ವ ತೀರಿಕೊಂಡು ನಾಲ್ಕು ವರ್ಷ. ಈ ದೀಪಾವಳಿಗೆ ತವರಿಗೆ ಹೋದಾಗ ಅಣ್ಣ ಅಟ್ಟದ ಮೇಲಿಂದ ಒಂದು ಟ್ರಂಕು ಇಳಿಸಿಕೊಟ್ಟ. "ನಿನಗೇ ಇದು, ನಮಗ್ಯಾರಿಗೂ ಹೊಲಿಯಲು ಬರುವುದಿಲ್ಲ" ಅಂದ. ಒಳಗೆ ಅವ್ವ ಅರ್ಧಕ್ಕೆ ಬಿಟ್ಟ ಕೌದಿ ಇತ್ತು. ಮೇಲುಗಡೆ ಇಳಕಲ್ ಸೀರೆಯ ತುಂಡು, ನಡುನಡುವೆ ಗುಳೇದಗುಡ್ಡ ಖಣದ, ಅಂದರೆ ಕುಪ್ಪಸದ ಬಟ್ಟೆಯ, ಚೌಕ. ಕೆಳಗೆ ಅಪ್ಪನ ಧೋತರ. ಮಧ್ಯೆ ಎರಡು ಪದರ ಹಳೆ ಸೀರೆ. ಸುಮಾರು ಆರಡಿ ಉದ್ದ, ನಾಲ್ಕಡಿ ಅಗಲ. ನಾಲ್ಕೂ ದಡದಿಂದ ಸುತ್ತು ಹಾಕುತ್ತಾ ಒಂದಡಿ ಒಳಗೆ ಬಂದು ಹೊಲಿಗೆ ನಿಂತಿದೆ. ಸೂಜಿ ಬಟ್ಟೆಯಲ್ಲೇ ಇತ್ತು, ತುಕ್ಕು ಹಿಡಿದು.

ಮೊನ್ನೆ ರಾತ್ರಿ ಬೇರೆ ಚಿಂದಿ ಮೇಲೆ ಕೈ ಆಡಿಸಿ ನೋಡಿದೆ. ಅವ್ವನದು ಒಂದು ಇಂಚಿಗೆ ಐದು ಹೊಲಿಗೆ, ಗೆರೆ ಎಳೆದ ಹಾಗೆ. ನನ್ನದು ಮೂರೂ ಬರುತ್ತಿಲ್ಲ, ಅದೂ ಸೊಟ್ಟ. ಅವಳ ಪಕ್ಕದಲ್ಲಿ ನನ್ನ ಹೊಲಿಗೆ ಹಾಕಲು ಮನಸ್ಸು ಬರುತ್ತಿಲ್ಲ. ಎಲ್ಲ ಬಿಚ್ಚಿ ಒಂದೇ ಸಮ ನಾನೇ ಹೊಲಿಯಲಾ? ಅಥವಾ ಅವಳು ನಿಲ್ಲಿಸಿದಲ್ಲಿಂದ ಶುರು ಮಾಡಲಾ?

ಇನ್ನೊಂದು ವಿಷಯ. ಒಂದು ಮೂಲೆಯಲ್ಲಿ ಮಾತ್ರ ಹೊಲಿಗೆಯೇ ಇಲ್ಲ. ನಾಲ್ಕು ಬೆರಳು ಹೋಗುವಷ್ಟು ಬಾಯಿ ತೆರೆದಿದೆ. ಅಷ್ಟು ಅಚ್ಚುಕಟ್ಟಾಗಿ ಹೊಲಿಯುವವಳು ಅದೊಂದನ್ನು ಯಾಕೆ ಬಿಟ್ಟಳು ಅಂತ ತಿಳಿಯುತ್ತಿಲ್ಲ.

ಬೆಳವಲ
ಬಿಚ್ಚಬೇಡಿ ಅಕ್ಕ. ಭಾವನೆ ಮಾತು ಆಮೇಲೆ, ಮೊದಲು ಬಟ್ಟೆ ಮಾತು. ಹಳೆ ಹತ್ತಿ ಬಟ್ಟೆಯಿಂದ ದಾರ ಎಳೆದರೆ ತೂತು ಹಾಗೇ ಉಳಿಯುತ್ತದೆ. ಅದರ ಪಕ್ಕದಲ್ಲೇ ಮತ್ತೆ ಸೂಜಿ ಚುಚ್ಚಿದರೆ ಎರಡು ತೂತು ಸೇರಿ ಹರಿಯುತ್ತದೆ. ನಾನು ಅತ್ತೆಯ ಒಂದು ಕೌದಿ ಬಿಚ್ಚಿ ಹಾಳು ಮಾಡಿಕೊಂಡಿದ್ದೇನೆ.

ಶುರು ಮಾಡುವ ಮುಂಚೆ ಬಟ್ಟೆಗೆ ಜೀವ ಇದೆಯಾ ನೋಡಿ. ಎರಡು ಹೆಬ್ಬೆರಳು ಹತ್ತಿರ ಹತ್ತಿರ ಇಟ್ಟು ಮೆಲ್ಲಗೆ ಜಗ್ಗಿ. ಚರ್ ಅಂತ ಸದ್ದು ಬಂದರೆ ಆ ತುಂಡಿನ ಮೇಲೆ ಬೇರೆ ತೇಪೆ ಹಾಕಿಬಿಡಿ, ಒಳಗಿನದು ಒಳಗೇ ಇರಲಿ. ಇಳಕಲ್ ಸೀರೆಯಲ್ಲಿ ಮೈ ಹತ್ತಿ, ಸೆರಗು ರೇಷ್ಮೆ ಇರುತ್ತದೆ ಅಲ್ವಾ? ಮೈ ಗಟ್ಟಿ ಇದ್ದರೂ ಸೆರಗು ಮಡಿಕೆ ಜಾಗದಲ್ಲಿ ಸೀಳಿರುತ್ತದೆ. ಸೆರಗಿನ ತುಂಡುಗಳನ್ನು ಮೊದಲು ನೋಡಿ.

ಟೈಲರಣ್ಣ
ದಾವಣಗೆರೆಯಲ್ಲಿ ಮೂವತ್ತು ವರ್ಷದಿಂದ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಬೆಳವಲ ಅವರ ಮಾತು ಸರಿ, ಆದರೆ ಒಂದು ಸೇರಿಸುತ್ತೇನೆ. ಬಟ್ಟೆ ಗಟ್ಟಿ ಇದ್ದು ದಾರ ಸತ್ತಿರಬಹುದು. ಅಮ್ಮನ ಹೊಲಿಗೆ ಮೇಲೆ ಉಗುರು ಎಳೆದು ನೋಡಿ. ಪಟಪಟ ಅಂತ ಕಡಿದರೆ ಆ ಸಾಲಿನ ಪಕ್ಕದಲ್ಲಿ ನಿಮ್ಮದೊಂದು ಸಾಲು ಹಾಕಿ. ಹಳೆಯದನ್ನು ತೆಗೆಯುವುದು ಬೇಡ, ಅದಕ್ಕೆ ಜೊತೆ ಕೊಟ್ಟರೆ ಸಾಕು.

ಕೈ ಬಿಟ್ಟುಹೋದವರು ಮಾಡುವ ಮೊದಲ ತಪ್ಪು ಉದ್ದ ದಾರ. ಪದೇ ಪದೇ ಪೋಣಿಸುವ ಕಷ್ಟ ಬೇಡ ಅಂತ ಎರಡು ಮಾರು ದಾರ ತೆಗೆದುಕೊಳ್ಳುತ್ತಾರೆ. ಅದು ಬಟ್ಟೆಯಲ್ಲಿ ಹೋಗಿ ಬಂದು ಸವೆಯುತ್ತದೆ, ಗಂಟು ಬೀಳುತ್ತದೆ. ಒಂದು ಮೊಳ ಸಾಕು. ದಾರವನ್ನು ಜೇನುಮೇಣದ ಮೇಲೆ ಒಂದೆರಡು ಸಲ ಎಳೆಯಿರಿ, ಸಿಕ್ಕಾಗುವುದಿಲ್ಲ. ಹತ್ತಿ ದಾರವೇ ಇರಲಿ. ಸೂಜಿ ಉದ್ದ ಇರಲಿ, ಕಣ್ಣು ಸ್ವಲ್ಪ ದೊಡ್ಡದಿರಲಿ. ದಬ್ಬಣ ಬೇಡ, ಅದು ಗೋಣಿಚೀಲಕ್ಕೆ. ನಡುಬೆರಳಿಗೆ ಅಂಗುಸ್ತಾನ, ಅಂದರೆ ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕುವ ಟೊಪ್ಪಿ, ಹಾಕಿಕೊಳ್ಳಿ. ನಾಲ್ಕು ಪದರ ಅಂದರೆ ಮೊದಲ ವಾರ ಬೆರಳು ಉರಿಯುತ್ತದೆ.

ತುಂಬಾ ಮುಖ್ಯ: ಹೊಲಿಯದೆ ಉಳಿದ ನಡುಭಾಗಕ್ಕೆ ಕಚ್ಚಾ ಹೊಲಿಗೆ, ಅಂದರೆ ಆಮೇಲೆ ತೆಗೆಯುವ ಹೊಲಿಗೆ, ಇದೆಯಾ ನೋಡಿಕೊಳ್ಳಿ.

ಚಿಂದಿಗಂಟು
ಫೋಟೋ ಹಾಕಿ ಅಕ್ಕ, ಆ ಖಣದ ಚೌಕ ನೋಡಬೇಕು.

ನೀಲಿಶಾಯಿ
ನನಗೆ ಐವತ್ತೆಂಟು, ಮೈಸೂರು. ನಾನು ಬಿಟ್ಟಿದ್ದು ಹತ್ತೊಂಬತ್ತು ವರ್ಷ. ಹೋದ ವರ್ಷ ಮತ್ತೆ ಕೂತೆ. ಆದ್ದರಿಂದ ಕೈ ಬಗ್ಗೆ ನನ್ನ ಮಾತು ನಂಬಿ: ಕೈ ಮರೆತಿಲ್ಲ, ಮೈ ಬದಲಾಗಿದೆ. ಮುಂಚೆ ನೆಲದ ಮೇಲೆ ಹಾಸಿಕೊಂಡು ಚಕ್ಕಳಮಕ್ಕಳ ಹಾಕಿ ಮೂರು ಗಂಟೆ ಕೂರುತ್ತಿದ್ದೆ. ಈಗ ಇಪ್ಪತ್ತು ನಿಮಿಷಕ್ಕೆ ಮಂಡಿ ಹಿಡಿಯುತ್ತದೆ. ಊಟದ ಮೇಜಿನ ಮೇಲೆ ಹರಡಿ ಕುರ್ಚಿಯಲ್ಲಿ ಕೂತು ಹೊಲಿಯುತ್ತೇನೆ. ಕೌದಿಯ ಭಾರ ಮೇಜು ಹೊತ್ತುಕೊಳ್ಳುತ್ತದೆ, ಭುಜ ನೋಯುವುದಿಲ್ಲ. ಓದುವ ಕನ್ನಡಕ ಹೊಲಿಗೆಗೆ ಸಾಲುವುದಿಲ್ಲ. ಸೂಜಿ ಹಿಡಿಯುವ ದೂರ ಎಷ್ಟು ಅಂತ ಅಳೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ಹೇಳಿ, ಬೇರೆ ಕನ್ನಡಕ ಬರೆಯುತ್ತಾರೆ. ನನಗೆ ಅದರಿಂದ ಅರ್ಧ ಸಮಸ್ಯೆ ಹೋಯಿತು. ಸೊಟ್ಟ ಹೊಲಿಗೆ ಕೈಯದಲ್ಲ, ಕಣ್ಣಿನದಾಗಿತ್ತು.

ಮತ್ತೆ, ಅಮ್ಮನ ಕೌದಿ ಮೇಲೇ ನೇರವಾಗಿ ಕೈ ಇಡಬೇಡಿ. ಮೊದಲು ಒಂದು ಸಣ್ಣದು ಮಾಡಿ. ತೊಟ್ಟಿಲಿಗೆ ಹಾಕುವಷ್ಟು ಪುಟ್ಟ ಕೌದಿ, ಇಲ್ಲವೇ ಯಾರ ಮನೆಯಲ್ಲಾದರೂ ಕೂಸು ಇದ್ದರೆ ಅದರ ತಲೆ, ಬೆನ್ನು ಮುಚ್ಚುವ ಒಂದು ಕುಂಚಿಗೆ. ಮುಗಿದದ್ದು ಒಂದು ಕೈಯಲ್ಲಿದ್ದರೆ ಧೈರ್ಯ ಬರುತ್ತದೆ. ದಿನಕ್ಕೆ ಕಾಲು ಗಂಟೆ ಸಾಕು, ಆದರೆ ದಿನಾ.

ಹೊಸಬಳು
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಹೊಲಿದೇ ಇಲ್ಲ. ಒಂದು ಕೌದಿಗೆ ಎಷ್ಟು ಸೀರೆ ಬೇಕು?

ನೀಲಿಶಾಯಿ
ಆರು ಗಜದ ಸೀರೆ ಅಂದರೆ ಸುಮಾರು ಐದೂವರೆ ಮೀಟರ್. ಉದ್ದಕ್ಕೆ ಮೂರು ಮಡಿಕೆ ಮಾಡಿ ನೋಡಮ್ಮ. ಆರಡಿ ಉದ್ದದ ಮೂರು ಪದರ ಆಯಿತು, ಅಗಲ ಸೀರೆಯ ಪನ್ನ ಎಷ್ಟೋ ಅಷ್ಟು, ಮುಕ್ಕಾಲು ಪಾಲು ನಾಲ್ಕಡಿ ಹತ್ತಿರ ಬರುತ್ತದೆ. ಒಬ್ಬರು ಹೊದೆಯಲು ಅದೇ ಸಾಕು. ಮೇಲೊಂದು ತೇಪೆಯ ಪದರ ಸೇರಿದರೆ ನಾಲ್ಕು. ಬೇಸಿಗೆಗೆ ಮೂರು, ಚಳಿಗೆ ಐದು. ಆದರೆ ಹತ್ತಿ ಸೀರೆಯೇ ಆಗಬೇಕು. ಈಗಿನ ಜಾರುವ ಸೀರೆಗಳು ಬೆವರು ಹೀರುವುದಿಲ್ಲ, ಪದರ ಪದರ ಜಾರಿ ಒಂದು ಕಡೆ ಗುಡ್ಡೆ ಆಗುತ್ತವೆ. ನಮ್ಮ ಮನೆಗಳಲ್ಲಿ ಒಳ್ಳೆ ಹತ್ತಿ ಸೀರೆಗಳನ್ನು ಸ್ಟೀಲ್ ಡಬರಿಗೆ ಕೊಟ್ಟು ಕಳಿಸಿಬಿಟ್ಟಿದ್ದೇವೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಯಲ್ಲಾಪುರ ಮೇಷ್ಟ್ರು
ನಮ್ಮ ಕಡೆ, ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿ ಇದೆ. ಅದಕ್ಕೆ ಕವಂದಿ ಅನ್ನುತ್ತಾರೆ. ಆಫ್ರಿಕಾ ಮೂಲದ ಜನ, ಈ ಕಾಡಿನ ನಡುವೆ ತಲೆಮಾರುಗಳಿಂದ ಬದುಕಿದವರು. ಅವರ ಕ್ರಮ ನೋಡಿದರೆ ನಿಮ್ಮ ಪ್ರಶ್ನೆಗೆ ಒಂದು ದಾರಿ ಸಿಗಬಹುದು ಅನ್ನಿಸಿತು.

ಅವರು ಮೇಲಿನ ತೇಪೆಯ ಪದರವನ್ನು ಮುಂಚೆಯೇ ಜೋಡಿಸಿಕೊಳ್ಳುವುದಿಲ್ಲ. ಕೆಳಗೆ ಒಂದು ಹಳೆ ಸೀರೆ ಹಾಸುತ್ತಾರೆ. ಮೂಲೆಯಿಂದ ಶುರು ಮಾಡಿ, ಒಂದು ತುಂಡು ಇಟ್ಟು, ಅಂಚು ಮಡಚಿ, ಹೊಲಿದು, ಅದರ ಪಕ್ಕ ಇನ್ನೊಂದು ತುಂಡು ಇಡುತ್ತಾರೆ. ದಡದಿಂದ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಯಾವ ಬಣ್ಣ ಎಲ್ಲಿ ಅಂತ ಮೊದಲೇ ಬರೆದುಕೊಂಡಿರುವುದಿಲ್ಲ. ಕೊನೆಗೆ ನಾಲ್ಕು ಮೂಲೆಗೆ ಬಟ್ಟೆ ಮಡಚಿ ತ್ರಿಕೋನದ ಹೂವು ಇಡುತ್ತಾರೆ, ಅದಕ್ಕೆ ಫೂಲ ಅನ್ನುತ್ತಾರೆ. ಅದಿಲ್ಲದಿದ್ದರೆ ಕವಂದಿ ಪೂರ್ತಿ ಆದ ಹಾಗಲ್ಲ.

ಹೊಲಿಗೆ ಎಲ್ಲ ಕಡೆ ಒಂದೇ ಸಮ ಇರಬೇಕು ಅಂತ ಅಲ್ಲಿ ಯಾರೂ ಕೂರುವುದಿಲ್ಲ. ನಿಮ್ಮ ತಾಯಿಯವರು ಐದು ಹಾಕಿದರು, ನೀವು ಮೂರು ಹಾಕಿ.

ದೂರದ ಊರು
ಅಮೆರಿಕದಲ್ಲಿದ್ದೇನೆ, ಹುಟ್ಟೂರು ಬಾಗಲಕೋಟೆ. ಇಲ್ಲಿಗೆ ಬಂದ ಮೇಲೆ ಕ್ವಿಲ್ಟಿಂಗ್ ಕಲಿತೆ, ಮಕ್ಕಳಾದ ಮೇಲೆ ಎಂಟು ವರ್ಷ ಬಿಟ್ಟೆ, ಈಗ ಮತ್ತೆ ಹಿಡಿದಿದ್ದೇನೆ. ಇಲ್ಲಿ ಹೊಸ ಬಟ್ಟೆ ಕೊಂಡು, ಚಕ್ರದ ಕತ್ತರಿಯಲ್ಲಿ ಅಳೆದು ಕತ್ತರಿಸಿ, ಕಾಲು ಇಂಚು ಅಂಚು ಬಿಟ್ಟು ಮೆಷೀನ್ ಮೇಲೆ ಜೋಡಿಸುತ್ತಾರೆ. ನಡುವೆ ಹತ್ತಿಯ ಹಾಳೆ ಇಡುತ್ತಾರೆ. ನಮ್ಮ ಕೌದಿಯಲ್ಲಿ ಹತ್ತಿ ಹಾಳೆ ಇಲ್ಲ, ಸೀರೆಯ ಪದರಗಳೇ ಬೆಚ್ಚಗಿನ ಕೆಲಸ ಮಾಡುತ್ತವೆ.

ಹಳೆ ಬಟ್ಟೆಯ ಕೆಲಸ ಇಲ್ಲಿಯೂ ಇತ್ತು. ಅಲಬಾಮಾ ರಾಜ್ಯದ ಜೀಸ್ ಬೆಂಡ್ ಅನ್ನುವ ಸಣ್ಣ ಊರಿನ ಕಪ್ಪು ಹೆಣ್ಣುಮಕ್ಕಳು ಹೊಲದಲ್ಲಿ ಉಟ್ಟು ಸವೆದ ಬಟ್ಟೆಯಲ್ಲಿ ಹೊಲಿದ ಕ್ವಿಲ್ಟ್‌ಗಳು 2006ರಲ್ಲಿ ಅಮೆರಿಕದ ಅಂಚೆ ಚೀಟಿ ಮೇಲೆ ಬಂದವು. ನೆಬ್ರಾಸ್ಕಾದ ಲಿಂಕನ್‌ನಲ್ಲಿ ಕ್ವಿಲ್ಟ್‌ಗಳಿಗಾಗಿಯೇ ಇಂಟರ್‌ನ್ಯಾಷನಲ್ ಕ್ವಿಲ್ಟ್ ಮ್ಯೂಸಿಯಂ ಇದೆ, 1997ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಹೊದೆದು ಹರಿದುಹೋಗುವ ವಸ್ತುವನ್ನು ಇಷ್ಟು ಜೋಪಾನ ಮಾಡುತ್ತಾರಲ್ಲ ಅಂತ ನನಗೆ ನಮ್ಮೂರ ಕೌದಿ ನೆನಪಾಗುತ್ತದೆ.

ಹಳೇಟ್ರಂಕು ಅಕ್ಕ, ನಿಮಗೆ ಹೇಳಬೇಕೆಂದಿದ್ದು ಇದು. ಯಾರೋ ಅರ್ಧಕ್ಕೆ ಬಿಟ್ಟು ಹೋದದ್ದನ್ನು ಇನ್ನೊಬ್ಬರು ಮುಗಿಸುವುದು ಇಲ್ಲಿ ಸಾಮಾನ್ಯ. ಮುಗಿಸಿದ ಮೇಲೆ ಹಿಂಬದಿ ಒಂದು ಸಣ್ಣ ಬಟ್ಟೆ ಚೂರು ಹೊಲಿದು, ಶುರು ಮಾಡಿದವರ ಹೆಸರು, ಮುಗಿಸಿದವರ ಹೆಸರು, ವರ್ಷ ಬರೆಯುತ್ತಾರೆ. ನೀವೂ ಹಾಗೆ ಮಾಡಿ.

ಬೆಳವಲ
ಹೆಸರು ಬರೆಯುವುದು ಒಳ್ಳೇದು. ಹಾಗಿದ್ದರೆ ದಾರದ ಬಣ್ಣವೂ ಬೇರೆ ಇರಲಿ ಅಂತ ನನ್ನ ಮಾತು. ಅಮ್ಮನದು ಬಿಳಿ, ನಿಮ್ಮದು ಕೆಂಪು. ಮೊಮ್ಮಕ್ಕಳಿಗೆ ಗೊತ್ತಾಗಬೇಕು ಎಲ್ಲಿಯವರೆಗೆ ಯಾರು ಅಂತ.

ನೀಲಿಶಾಯಿ
ನನಗೆ ಒಪ್ಪಿಗೆ ಇಲ್ಲ. ಬೇರೆ ಬಣ್ಣ ಹಾಕಿದರೆ ಕಣ್ಣು ಗಡಿ ಹುಡುಕುತ್ತಲೇ ಇರುತ್ತದೆ. ಒಂದೇ ಬಿಳಿ ಇರಲಿ. ಹೊಲಿಗೆಯ ಅಳತೆಯೇ ಹೇಳುತ್ತದೆ ಯಾರ ಕೈ ಅಂತ. ಬೆರಳಿಟ್ಟು ಸವರಿದರೆ ಕತ್ತಲಲ್ಲೂ ಗೊತ್ತಾಗುತ್ತದೆ.

ಹಳೇಟ್ರಂಕು
ಎಲ್ಲರ ಮಾತು ಎರಡೆರಡು ಸಲ ಓದಿದೆ. ಬಿಚ್ಚುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ. ಬಿಳಿ ದಾರವೇ. ನೀಲಿಶಾಯಿ ಅಮ್ಮ ಹೇಳಿದ ಹಾಗೆ ಮೊದಲು ಪಕ್ಕದ ಮನೆ ಕೂಸಿಗೆ ಒಂದು ಕುಂಚಿಗೆ ಹೊಲಿದೆ, ಒಂಬತ್ತು ದಿನ ಹಿಡಿಯಿತು. ಕೊನೆಯ ಎರಡು ದಿನ ಇಂಚಿಗೆ ನಾಲ್ಕು ಬಂತು. ಹೇಳಿದರೆ ನಂಬುತ್ತೀರೋ ಇಲ್ಲವೋ, ಅಡುಗೆ ಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಸೂಜಿ ಇದ್ದ ಜಾಗದಲ್ಲಿ ಧೋತರಕ್ಕೆ ತುಕ್ಕಿನ ಕಲೆ ಇದೆ. ಏನು ಮಾಡಲಿ?

ಟೈಲರಣ್ಣ
ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಇಡಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಬಿಳಿ ಬಟ್ಟೆಗೆ ಮಾತ್ರ. ಬಣ್ಣದ ತುಂಡಿಗೆ ತಾಗಿದರೆ ಬಣ್ಣ ಹೋಗುತ್ತದೆ.

ಹಳೇಟ್ರಂಕು
ಮೂರು ವಾರದ ಮೇಲೆ ಬರುತ್ತಿದ್ದೇನೆ, ಕೆಟ್ಟ ಸುದ್ದಿ ಹೊತ್ತು.

ತುಕ್ಕಿನ ಕಲೆ ಮುಕ್ಕಾಲು ಹೋಯಿತು. ಅವ್ವ ನಿಲ್ಲಿಸಿದಲ್ಲಿಂದ ಶುರು ಮಾಡಿ ಏಳು ಸುತ್ತು ಒಳಗೆ ಬಂದೆ, ಒಂದೊಂದು ಸುತ್ತಿಗೆ ಒಂದು ಬೆರಳು ಅಂತರ. ನಿನ್ನೆ ಹರಡಿ ನೋಡಿದರೆ ನಡುವೆ ಬಟ್ಟೆ ಉಬ್ಬಿ ನಿಂತಿದೆ. ಒಂದು ಕಡೆ ತಳ್ಳಿದರೆ ಇನ್ನೊಂದು ಕಡೆ ಏಳುತ್ತದೆ. ಕೆಳಗಿನ ಧೋತರ ಬಿಗಿ, ಮೇಲಿನ ಪದರ ಸಡಿಲ.

ಒಂದು ವಿಷಯ ಹೇಳಿರಲಿಲ್ಲ. ಟ್ರಂಕಿನಿಂದ ತೆಗೆದಾಗ ನಡುಭಾಗದಲ್ಲಿ ಉದ್ದುದ್ದ ಹೊಲಿಗೆ ಅಡ್ಡಾದಿಡ್ಡಿ ಹೋಗಿತ್ತು. ಅಲ್ಲಲ್ಲಿ ಕಡಿದಿತ್ತು, ಕೊಳೆಯಾಗಿತ್ತು. ಅದು ಅವ್ವನ ಹೊಲಿಗೆ ಹಾಗೆ ಕಾಣಲಿಲ್ಲ. ಚಂದ ಕಾಣಲಿ ಅಂತ ಎಳೆದು ತೆಗೆದುಬಿಟ್ಟಿದ್ದೆ.

ಟೈಲರಣ್ಣ
ಅದೇ ಅಮ್ಮಾ, ಅದೇ ಕಚ್ಚಾ ಹೊಲಿಗೆ. ನಾಲ್ಕು ಪದರ ಅಲುಗಾಡದ ಹಾಗೆ ಅದು ಹಿಡಿದುಕೊಂಡಿತ್ತು. ಅದು ಹೋದ ಮೇಲೆ ನೀವು ದಡದಿಂದ ಒಳಗೆ ಹೊಲಿದುಕೊಂಡು ಬಂದಿರಿ. ಪ್ರತಿ ಸುತ್ತಿಗೂ ಮೇಲಿನ ಬಟ್ಟೆ ಚೂರು ಚೂರೇ ಮುಂದೆ ಸರಿಯುತ್ತದೆ. ಸರಿದದ್ದೆಲ್ಲ ನಡುವೆ ಬಂದು ಸೇರಿತು. ಹೋಗಲು ಅದಕ್ಕೆ ಬೇರೆ ದಾರಿ ಇಲ್ಲ.

ಮೇಷ್ಟ್ರು ಹೇಳಿದ ಕವಂದಿಯಲ್ಲಿ ಹೀಗಾಗುವುದಿಲ್ಲ, ಯಾಕೆಂದರೆ ಅಲ್ಲಿ ಮೇಲಿನ ತುಂಡು ಒಂದೊಂದಾಗಿ ಇಡುತ್ತಾ ಬರುತ್ತಾರೆ. ಕೊನೆಯ ತುಂಡನ್ನು ಉಳಿದ ಜಾಗದಷ್ಟೇ ಮಡಚಿ ಕೂರಿಸುತ್ತಾರೆ. ನಿಮ್ಮದರಲ್ಲಿ ಮೇಲಿನ ಪದರ ಆಗಲೇ ಪೂರ್ತಿ ಜೋಡಿಸಿಟ್ಟಿದೆ.

ಹೀಗೆ ಮಾಡಿ. ನಿಮ್ಮ ಏಳು ಸುತ್ತು ಬಿಚ್ಚಿ. ಅಮ್ಮನದು ಮುಟ್ಟಬೇಡಿ. ನಿಮ್ಮ ಹೊಲಿಗೆ ಹೊಸದು, ದೊಡ್ಡದು, ಹಾಗಾಗಿ ಸುಲಭವಾಗಿ ಬರುತ್ತದೆ. ಒಂದೊಂದು ಹೊಲಿಗೆ ಕತ್ತರಿಸಿ ತೆಗೆಯಿರಿ, ಜಗ್ಗಬೇಡಿ. ನೆಲದ ಮೇಲೆ ಹಾಸಿ, ತುಸು ನೀರು ಚಿಮುಕಿಸಿ, ಅಂಗೈಯಲ್ಲಿ ನಡುವಿನಿಂದ ಹೊರಗೆ ಸವರಿ. ಆಮೇಲೆ ನಡುವಿನಿಂದ ಶುರು ಮಾಡಿ ನಾಲ್ಕೂ ದಿಕ್ಕಿಗೆ ಕಚ್ಚಾ ಹೊಲಿಗೆ ಹಾಕಿ, ಒಂದು ಗೇಣಿಗೆ ಒಂದು ಸಾಲು. ಅಷ್ಟಾದರೂ ಸಡಿಲ ಉಳಿದರೆ ತೇಪೆಯ ಒಂದು ಜೋಡಣೆ ಬಿಚ್ಚಿ ಒಳಗೆ ಮಡಚಿ. ಪಕ್ಕಾ ಹೊಲಿಗೆ ಆಮೇಲೆ.

ಹೊಸಬಳು
ಇದನ್ನು ಬರೆದಿಟ್ಟುಕೊಂಡೆ.

ಮಲಪ್ರಭೆ
ನಾನು ಇಷ್ಟು ದಿನ ಓದುತ್ತಾ ಇದ್ದೆ. ಆ ತೆರೆದ ಮೂಲೆ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಮನೆಗೆ ಬೇಸಿಗೆಯಲ್ಲಿ ಗೊಂದಲಿಗರ ಹೆಣ್ಣುಮಕ್ಕಳು ಕೌದಿ ಹೊಲಿಯಲು ಬರುತ್ತಿದ್ದರು. ಗಂಡಸರು ಗೊಂದಲ, ಅಂದರೆ ಅಂಬಾಭವಾನಿಯ ಹಾಡು ಕುಣಿತದ ಪೂಜೆ, ಹಾಕುವವರು, ಹೆಂಗಸರದು ಸೂಜಿ. ಪಡಸಾಲೆಯಲ್ಲಿ ಹಳೆ ಬಟ್ಟೆ ಗುಡ್ಡೆ ಹಾಕಿ ಕೊಟ್ಟರೆ, ಇಬ್ಬರು ಎದುರುಬದುರು ಕೂತು ಎರಡು ಕಡೆಯಿಂದ ಹೊಲಿದುಕೊಂಡು ಬರುತ್ತಿದ್ದರು. ಎಲ್ಲ ಮುಗಿದ ಮೇಲೂ ಒಂದು ಮೂಲೆ ಬಿಟ್ಟಿರುತ್ತಿದ್ದರು. ನಮ್ಮಜ್ಜಿ ಒಳಗಿನಿಂದ ಒಂದು ಚೂರು ಹೋಳಿಗೆ ತಂದು ಆ ಬಾಯಲ್ಲಿ ಇಡುತ್ತಿದ್ದಳು. ಹೋಳಿಗೆ ಇಲ್ಲದ ದಿನ ಚಪಾತಿ ಚೂರು. ಕೌದಿ ಹಸಿದುಕೊಂಡು ಇರಬಾರದು, ಅದರ ಹೊಟ್ಟೆ ತುಂಬಿಸಿಯೇ ಬಾಯಿ ಮುಚ್ಚಬೇಕು ಅನ್ನುತ್ತಿದ್ದಳು. ಹಾಗೆ ಮಾಡಿದರೆ ಅದನ್ನು ಹೊದೆದವರ ಹೊಟ್ಟೆಯೂ ತಣ್ಣಗಿರುತ್ತದಂತೆ.

ನಿಮ್ಮ ತಾಯಿ ಮರೆತು ಬಿಟ್ಟದ್ದಲ್ಲ ಅನ್ನಿಸುತ್ತದೆ ಅಕ್ಕ.

ಹಳೇಟ್ರಂಕು
ಮಲಪ್ರಭೆ ಅವರೇ, ನಿಮ್ಮ ಮಾತು ಓದಿ ಅಣ್ಣನಿಗೆ ಫೋನ್ ಮಾಡಿದೆ. ಅವನಿಗೆ ನೆನಪಿತ್ತು. ನಾವು ಸಣ್ಣವರಿದ್ದಾಗ ಅವ್ವ ಕೌದಿಗೆ ಉಣ್ಣಿಸುವುದನ್ನು ನೋಡಿ ಅವನು "ನನಗೂ ಕೊಡು" ಅಂತ ಹಟ ಮಾಡಿದ್ದನಂತೆ. ನನಗೆ ಒಂದಿಷ್ಟೂ ನೆನಪಿಲ್ಲ. ಮೂರು ಕೌದಿ ಹೊಲಿದೆ ಅಂದೆನಲ್ಲ, ಆ ಮೂರರ ಕೊನೆಯ ಮೂಲೆಯನ್ನೂ ಅವ್ವನೇ ಮುಚ್ಚಿರಬೇಕು. ನಾನು ಮುಗಿಯಿತು ಅಂತ ಎದ್ದು ಹೋಗಿರುತ್ತೇನೆ.

ಏಳು ಸುತ್ತು ಬಿಚ್ಚಿದ್ದೇನೆ. ಎರಡು ಸಂಜೆ ಹಿಡಿಯಿತು. ಕಚ್ಚಾ ಹೊಲಿಗೆ ಹಾಕಲು ಮಗ ಸಹಾಯಕ್ಕೆ ಬಂದ. ಬಟ್ಟೆ ಸವರಿ ಹಿಡಿದುಕೊಳ್ಳುವ ಕೆಲಸ ಅವನದು. ಸಾಲು ಯಾಕೆ ಇಷ್ಟು ದೂರ ದೂರ ಅಂತ ಕೇಳಿದ. ಆಮೇಲೆ ತೆಗೆಯುವ ಹೊಲಿಗೆ ಇದು ಅಂದೆ. ಹಾಗಿದ್ದರೆ ನಾನು ಹಾಕುತ್ತೇನೆ ಅಂತ ಒಂದು ಸಾಲು ಅವನೇ ಹಾಕಿದ.

ಯಲ್ಲಾಪುರ ಮೇಷ್ಟ್ರು
ಆ ಒಂದು ಸಾಲು ತೆಗೆಯಬೇಡಿ.

ಹಳೇಟ್ರಂಕು
ತೆಗೆದಿಲ್ಲ ಸರ್.

ಸಂಕ್ರಾಂತಿ ಕಳೆದು ಹದಿನೈದು ದಿನ ಆಯಿತು, ಇವತ್ತು ನಡುವಿನ ಕೊನೆಯ ಸುತ್ತು ಮುಗಿಯಿತು. ಉಬ್ಬು ಹೋಗಿದೆ. ಖಣದ ಒಂದು ಚೌಕದ ಹತ್ತಿರ ಸಣ್ಣ ನೆರಿಗೆ ಉಳಿದಿದೆ, ಅದನ್ನು ಹಾಗೇ ಬಿಟ್ಟಿದ್ದೇನೆ. ಅವ್ವನ ಹೊಲಿಗೆಯಿಂದ ನನ್ನದಕ್ಕೆ ಬೆರಳು ಸವರಿಕೊಂಡು ಬಂದರೆ ನೀಲಿಶಾಯಿ ಅಮ್ಮ ಹೇಳಿದ್ದು ನಿಜ, ಕಣ್ಣು ಮುಚ್ಚಿದರೂ ತಿಳಿಯುತ್ತದೆ. ಹಿಂಬದಿ ಧೋತರದ ಮೇಲೆ ಒಂದು ಚೂರು ಖಣ ಹೊಲಿದು ಮೂರು ಹೆಸರು ಹಾಕಿದ್ದೇನೆ.

ಮೂಲೆ ಒಂದು ಉಳಿದಿದೆ. ಹೋಳಿ ಹುಣ್ಣಿಮೆಗೆ ಹೋಳಿಗೆ ಮಾಡುತ್ತೇವೆ, ಅವತ್ತು ಮುಚ್ಚಬೇಕು ಅಂತಿದೆ. ಒಂದೇ ಅನುಮಾನ, ಬೆಲ್ಲಕ್ಕೆ ಇರುವೆ ಬರುವುದಿಲ್ವಾ? ಮತ್ತೆ ದಸರೆಗೆ ಒಗೆಯುವಾಗ?

ಮಲಪ್ರಭೆ
ಉಗುರಿನಷ್ಟು ಇಡಿ, ಜಾಸ್ತಿ ಬೇಡ. ಹೂರಣ ಇರುವ ನಡುಭಾಗ ಬಿಟ್ಟು ಅಂಚಿನ ಚೂರು ತೆಗೆದುಕೊಳ್ಳಿ. ಹಿಂದಿನ ದಿನವೇ ಹಂಚಿನ ಮೇಲೆ ಗರಿಗರಿ ಆಗುವವರೆಗೆ ಒಣಗಿಸಿ. ನಮ್ಮಜ್ಜಿಯ ಕೌದಿಗೆ ಇರುವೆ ಬಂದದ್ದು ನಾನು ನೋಡಿಲ್ಲ. ಘಟ ಕೂರಿಸುವ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹಳ್ಳಕ್ಕೆ ಒಯ್ದು ಒಗೆಯುತ್ತಿದ್ದರು. ಮೊದಲ ಒಗೆತಕ್ಕೇ ಅದು ಕರಗಿ ಹೋಗಿರುತ್ತದೆ.

ಒಗೆಯುವ ಮುಂಚೆ ಇಳಕಲ್ ಕೆಂಪಿನ ಮೇಲೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ, ಬಣ್ಣ ಬಿಡುತ್ತದಾ ಅಂತ. ಮತ್ತೆ ಒಬ್ಬರೇ ಎತ್ತಬೇಡಿ. ನೀರು ಕುಡಿದ ಕೌದಿ ತುಂಬಾ ಭಾರ, ಹಿಂಡಲು ಆ ಕಡೆ ಒಬ್ಬರು ಬೇಕು. ಮಗನನ್ನು ಕರೆದುಕೊಳ್ಳಿ.